ಲ್ಯೂಪಸ್ ಡೇಟಾ: ಕೋಶಗಳಿಗೆ ಹೆಸರಿಡುವ ಕೆಲಸ ಮುಗಿಯುತ್ತಾ ಬಂತು

ಈ ಸಲ ಖುಷಿಯಾಗುವಷ್ಟು ಕೆಲಸ ಸಾಗಿದೆ. ಹೊಸದಾಗಿ ಓದುವವರಿಗೆ ಎರಡು ಮಾತು: ಲ್ಯೂಪಸ್ ಅಂದರೆ ದೇಹದ ರಕ್ಷಣಾ ಕೋಶಗಳು ಸ್ವಂತ ದೇಹದ ಮೇಲೇ ಬೀಳುವ ರೋಗ. ಇದು ಎಂಟು ಮಂದಿ ಲ್ಯೂಪಸ್ ರೋಗಿಗಳ ಬಿಳಿ ರಕ್ತಕಣಗಳ ಡೇಟಾ. 2018ರಲ್ಲಿ ಪ್ರಕಟವಾಯಿತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ಪಾಲು ಕೋಶಗಳಿಗೆ 6 ಗಂಟೆ ಇಂಟರ್‌ಫೆರಾನ್-ಬೀಟಾ ಕೊಟ್ಟಿದ್ದಾರೆ, ಇನ್ನೊಂದು ಪಾಲನ್ನು ಹಾಗೇ ಬಿಟ್ಟಿದ್ದಾರೆ. ಪ್ರತಿ ಕೋಶದಲ್ಲೂ ಯಾವ ಜೀನ್ ಎಷ್ಟು ಚುರುಕಾಗಿದೆ ಅನ್ನುವ ಲೆಕ್ಕ ಸಿಗುತ್ತದೆ. ಅದನ್ನು ನೋಡಿ ಯಾವುದು ಯಾವ ಬಗೆಯ ಕೋಶ ಎಂದು ಹೆಸರಿಡುವುದೇ ನನ್ನ ಕೆಲಸ.

ಇಂಟರ್‌ಫೆರಾನ್ ಯಾಕೆ ಅಂದರೆ, ಅದು ವೈರಸ್ ಬಂದಾಗ ಹೊರಡುವ ವಸ್ತು. ಲ್ಯೂಪಸ್ ಇರುವ ಎಷ್ಟೋ ಜನರಲ್ಲಿ ವೈರಸ್ ಇಲ್ಲದಿದ್ದರೂ ಅದರ ಪ್ರಭಾವ ಜಾಸ್ತಿ ಕಾಣುತ್ತದೆ.

ಎರಡೂ ಪಾಲನ್ನು ಸುಮ್ನೆ ಒಟ್ಟಿಗೆ ಹಾಕಿದರೆ ಇಂಟರ್‌ಫೆರಾನ್ ಸಿಕ್ಕಿದ ಕೋಶಗಳೆಲ್ಲ ಒಂದು ಕಡೆ, ಸಿಗದವು ಇನ್ನೊಂದು ಕಡೆ ನಿಲ್ಲುತ್ತವೆ. ಎರಡೂ ಪಾಲಿನ ಒಂದೇ ಥರದ ಕೋಶಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿದ ಮೇಲೆ ಟಿ ಕೋಶದ ಜೊತೆ ಟಿ ಕೋಶ, ಬಿ ಜೊತೆ ಬಿ ಬಂದು ಸೇರಿದವು (ಇವೆಲ್ಲ ಬಿಳಿ ರಕ್ತಕಣಗಳ ಬಗೆಗಳು). ಐಎಸ್‌ಜಿ15 ಜೀನ್ ಎಲ್ಲ ಬಗೆಯ ಕೋಶಗಳಲ್ಲೂ ಏರಿದೆ. ಸಿಎಕ್ಸ್‌ಸಿಎಲ್10 ಮಾತ್ರ ಮುಖ್ಯವಾಗಿ ಮಾನೊಸೈಟ್ ಮತ್ತು ಡೆಂಡ್ರಿಟಿಕ್ ಎಂಬ ಬಗೆಯ ಕೋಶಗಳಲ್ಲಿ. ನನಗೆ ತುಂಬಾ ಹಿಡಿಸಿದ್ದು ಸಿಡಿ14. ಮಾನೊಸೈಟ್ ಗುರುತಿಸಲು ಎಲ್ಲರೂ ನೋಡುವ ಜೀನ್ ಅದು, ಆದರೆ ಇಂಟರ್‌ಫೆರಾನ್ ತಾಗಿದ ಮೇಲೆ ಅದೇ ಇಳಿಯುತ್ತದೆ! ಒಂದೇ ಗುರುತು ನಂಬಿ ಹೆಸರಿಡಬಾರದು.

ಕಷ್ಟ ಇರುವುದು ನಿಯಂತ್ರಕ ಟಿ ಕೋಶಗಳಲ್ಲಿ. ಉಳಿದ ಕೋಶಗಳು ಸ್ವಂತ ದೇಹದ ಮೇಲೆ ಬೀಳದಂತೆ ತಡೆಯುವವು ಇವೇ. ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ತೋರಿಸಿಕೊಟ್ಟರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನ್ ಕೆಟ್ಟರೆ ಸ್ವಂತ ದೇಹದ ಮೇಲೆ ಬೀಳುವ ರೋಗ ಬರುತ್ತದೆ ಎಂದು ಕಂಡುಹಿಡಿದರು; ಈ ಕೋಶಗಳನ್ನು ಗುರುತಿಸಲು ನೋಡುವ ಜೀನ್ ಅದೇ. ಮೂವರಿಗೂ 2025ರ ನೊಬೆಲ್ ಬಂತು. ಆದರೆ ಈ ಡೇಟಾ ತೆಗೆದ ವಿಧಾನ ಕೋಶದೊಳಗಿನ, ಜೀನ್ ಚುರುಕಾದಾಗ ಹುಟ್ಟುವ ಆರ್‌ಎನ್‌ಎಯಲ್ಲಿ ಸ್ವಲ್ಪವನ್ನೇ ಹಿಡಿಯುತ್ತದೆ. ಫಾಕ್ಸ್‌ಪಿ3 ಸೊನ್ನೆ ಅಂತ ಬಂದರೆ ಅದು ಇಲ್ಲ ಅಂತಲ್ಲ. ಹಾಗಾಗಿ ಐಎಲ್2ಆರ್‌ಎ, ಸಿಟಿಎಲ್‌ಎ4 ಎಂಬ, ಈ ಕೋಶಗಳಲ್ಲಿ ಚುರುಕಾಗಿರುವ ಇನ್ನೆರಡು ಜೀನ್‌ಗಳನ್ನೂ ಸೇರಿಸಿ ನೋಡುತ್ತಿದ್ದೇನೆ. ಗುಂಪು ಚಿಕ್ಕದು, ಆದರೂ ಬೇರೆಯಾಗಿ ಕಾಣತೊಡಗಿದೆ.

ಈ ಡೇಟಾ ರೋಗದ ಕಾರಣ ಹೇಳುವುದಿಲ್ಲ, ಇಂಟರ್‌ಫೆರಾನ್ ಹೊರಗಿಂದ ಕೊಟ್ಟದ್ದು ಅಲ್ವಾ. ಕಾರಣದ ಕಡೆಗೆ ನನ್ನನ್ನು ಎಳೆಯುವುದು ವೈರಸ್ಸಿನ ಆರ್‌ಎನ್‌ಎ ಗುರುತಿಸುವ ಜೀನ್ ಟಿಎಲ್‌ಆರ್7. 2022ರಲ್ಲಿ ಲ್ಯೂಪಸ್ ಇದ್ದ ಒಬ್ಬ ಹುಡುಗಿಯಲ್ಲಿ ಈ ಜೀನಿನ ಬದಲಾವಣೆ ಸಿಕ್ಕಿತು. ಅದನ್ನೇ ಇಲಿಗಳಿಗೆ ಹಾಕಿದಾಗ ಅವಕ್ಕೂ ರೋಗ ಬಂತು. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಲ್ಲಿ ಎಕ್ಸ್ ಎರಡು ಇದ್ದರೂ ಸಾಮಾನ್ಯವಾಗಿ ಒಂದು ಸುಮ್ಮನಿರುತ್ತದೆ, ಆದರೆ ಅವರ ಕೆಲವು ಕೋಶಗಳಲ್ಲಿ ಈ ಜೀನಿನ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ. ಲ್ಯೂಪಸ್ ಬರುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ಮುಂದೆ ಬಿ ಕೋಶಗಳಲ್ಲಿ ಟಿಎಲ್‌ಆರ್7 ಇಂಟರ್‌ಫೆರಾನ್‌ಗೆ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಒಬ್ಬೊಬ್ಬ ರೋಗಿಯದನ್ನೂ ಬೇರೆ ಬೇರೆ ಮಾಡಿ ನೋಡುತ್ತೇನೆ.