ಹೆಂಜೇರಿನಲ್ಲಿ ಓರೆ ಬಿಸಿಲಿಗೆ ಕಾದು

ಶಿರಾ ಬಿಟ್ಟು ಅಮರಾಪುರದ ದಾರಿ ಹಿಡಿದರೆ ಗಡಿ ದಾಟಿದ್ದು ತಿಳಿಯುವುದು ಬೋರ್ಡುಗಳ ಮೇಲಿನ ತೆಲುಗಿನಿಂದ ಮಾತ್ರ. ಟೀ ಅಂಗಡಿಯ ಹರಟೆ ಕನ್ನಡದ್ದೇ. ಹೇಮಾವತಿ ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಒಂದು ಹಳ್ಳಿ. ಸಾವಿರ ವರ್ಷದ ಹಿಂದೆ ಇದು ಹೆಂಜೇರು, ನೊಳಂಬ ಅರಸರ ರಾಜಧಾನಿ. ಅವರ ಕಲ್ಲುಕೆಲಸವೆಲ್ಲ ಇಲ್ಲೇ ಉಳಿದಿಲ್ಲ. ಕೆಲವು ಶಿಲ್ಪಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಂ ಸೇರಿವೆ, ಚೋಳರು ಒಯ್ದ ನೊಳಂಬ ಕಂಬಗಳು ತಂಜಾವೂರು ಹತ್ತಿರದ ತಿರುವಯ್ಯಾರಿನ ಗುಡಿಯಲ್ಲಿವೆ. ಇಷ್ಟು ಚದುರಿದ್ದನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದರೆ ಫೋಟೋ ಒಂದೇ ದಾರಿ. ಅದೂ ಅಳತೆ ಸಿಗುವಂಥ ಫೋಟೋ.

ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆ ಪತ್ರ ಜೊತೆಗಿತ್ತು. ಊರಿನ ನಿವೃತ್ತ ಮೇಷ್ಟ್ರು ಬೆಳಗ್ಗೆಯೇ ಬಂದು ದೊಡ್ಡೇಶ್ವರ ಗುಡಿಯ ಮುಂದೆ ಕೂತಿದ್ದರು.

ಇಲ್ಲಿನ ಕಲ್ಲು ಕಪ್ಪು, ನುಣುಪು. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕ್ಯಾಮೆರಾ ಕತ್ತಲೆಯೆಂದು ಬಗೆದು ಬೆಳಕು ಹೆಚ್ಚಿಸುತ್ತದೆ, ಫೋಟೋದಲ್ಲಿ ಕಲ್ಲು ಬೂದಿ ಬಳಿದಂತೆ ಬರುತ್ತದೆ. ಅದಕ್ಕೆ ಬೂದು ಕಾರ್ಡಿನ ಮೇಲೆ ಬೆಳಕು ಅಳೆದು, ಆ ಅಳತೆ ಬದಲಾಗದಂತೆ ಕ್ಯಾಮೆರಾದಲ್ಲಿ ಕಟ್ಟಿಹಾಕಿ ತೆಗೆಯಬೇಕು. ಜಾಲಂಧ್ರಗಳದ್ದು, ಅಂದರೆ ಕಲ್ಲಲ್ಲಿ ಕೊರೆದ ಜಾಲರಿ ಕಿಟಕಿಗಳದ್ದು, ಇನ್ನೊಂದು ತಕರಾರು. ಒಳಗಿನಿಂದ ತೆಗೆದರೆ ತೂತುಗಳು ಉರಿಯುತ್ತವೆ, ಕೆತ್ತನೆ ಮಸಿ. ಮೋಡ ಕವಿದಾಗ ಹೊರಗಿನಿಂದ ತೆಗೆಯುವುದೇ ಸರಿ.

ಶಾಸನಕ್ಕೆ ಮೋಡ ಕೂಡದು. ಆವರಣದ ಕಲ್ಲೊಂದು ಪೂರ್ವಕ್ಕೆ ಮುಖ ಮಾಡಿದೆ. ಎಳೆಬಿಸಿಲು ಅದಕ್ಕೆ ನೇರ ಬಡಿಯುವುದರಿಂದ ಅಕ್ಷರಗಳಿಗೆ ನೆರಳೇ ಇಲ್ಲ. ಹೊತ್ತೇರಿ, ಬಿಸಿಲು ಕಲ್ಲನ್ನು ಸವರಿಕೊಂಡು ಇಳಿಯುವ ಗಳಿಗೆಗೆ ಕಾಯಬೇಕು. ನೋಡುತ್ತಿದ್ದ ಹುಡುಗನೊಬ್ಬ, "ಸೀಮೆಸುಣ್ಣ ತುಂಬಿದ್ರೆ ಈಗ್ಲೇ ಕಾಣ್ತದಲ್ಲಣ್ಣಾ" ಅಂದ. ನನಗಿಂತ ಮೊದಲು ಮೇಷ್ಟ್ರೇ ರೇಗಿದರು: "ನೀನು ಓದಿದ್ದನ್ನ ನೀನೇ ಬರೆದಂಗಾಗ್ತದೋ! ಕಲ್ಲಲ್ಲಿರೋದು ಎಲ್ಲಿ ಬಂತು?" ಸುಣ್ಣ, ಹಿಟ್ಟು ತುಂಬುವ ಚಾಳಿಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗಾಗದು.

ನೆರಳಿನಲ್ಲಿದ್ದ ಇನ್ನೊಂದು ಕಲ್ಲಿಗೆ ಅದೇ ಹುಡುಗ ಮನೆಯಿಂದ ಕನ್ನಡಿ ತಂದ. ಬಿಸಿಲನ್ನು ಎಡಮೇಲಿಂದ ಓರೆಯಾಗಿ ಹಾಯಿಸಿದಾಗ ಸಾಲುಗಳು ಎದ್ದವು. ತಮಾಷೆಗೆ ಕೆಳಗಿನಿಂದ ಹಾಯಿಸಿ ನೋಡಿದ: ಕೊರೆದ ಅಕ್ಷರಗಳು ಉಬ್ಬಿದಂತೆ ಕಂಡವು. ಬೆಳಕು ಮೇಲಿನಿಂದಲೇ ಬರುತ್ತದೆಂದು ಕಣ್ಣು ನಂಬಿಕೊಂಡಿರುತ್ತದೆ. ಅಳತೆಪಟ್ಟಿಯನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ, ಅಕ್ಷರಗಳಷ್ಟೇ ದೂರದಲ್ಲಿ ಇಟ್ಟೆವು. ಮುಂದಕ್ಕಿಟ್ಟರೆ ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ.

ಉದ್ದದ ಸಾಲುಗಳನ್ನು ಒಂದರ ಮೇಲೊಂದು ತುಸು ಬರುವಂತೆ ತುಂಡುತುಂಡಾಗಿ ತೆಗೆಯುತ್ತ, 1858ರಲ್ಲಿ ತಂಜಾವೂರಿನಲ್ಲಿ ಇದೇ ಕೆಲಸ ಮಾಡಿದ ಬ್ರಿಟಿಷ್ ಫೋಟೋಗ್ರಾಫರ್ ಲಿನಿಯಸ್ ಟ್ರೈಪ್‌ನ ವಿಷಯ ಹೇಳಿದೆ. ಅಲ್ಲಿನ ದೊಡ್ಡ ಗುಡಿಯ ಅಧಿಷ್ಠಾನದ, ಅಂದರೆ ಬುಡದ ಕಟ್ಟೆಯ, ಶಾಸನವನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದು, 21 ಚಿತ್ರ ಜೋಡಿಸಿ ಸುಮಾರು 19 ಅಡಿ ಉದ್ದ ಮಾಡಿದ್ದ. "ಅವನಿಗೆ ಕನ್ನಡಿ ಹಿಡಿದೋರು ಯಾರಿದ್ರೋ, ಅವರ ಹೆಸರಿಲ್ಲ ಬಿಡಿ" ಅಂದರು ಮೇಷ್ಟ್ರು.

ಸಿದ್ಧೇಶ್ವರ ಗುಡಿಯಲ್ಲಿ ಶಿವ ಲಿಂಗವಲ್ಲ, ಮನುಷ್ಯರೂಪದಲ್ಲಿ ಕೂತಿದ್ದಾನೆ. ಪೂಜೆಯ ಹೊತ್ತು, ಕ್ಯಾಮೆರಾ ಚೀಲದಲ್ಲೇ ಉಳಿಯಿತು.

ಸಂಜೆ ಕೆರೆ ಏರಿಯ ವೀರಗಲ್ಲಿಗೆ ಹೋದೆವು. ಬೆಳಕು ಚೆನ್ನಾಗಿತ್ತು, ಆದರೆ ಕಲ್ಲಿಗೆ ಅರಿಸಿನ ಕುಂಕುಮ ಬಳಿದಿತ್ತು. ಪಕ್ಕದ ಹೊಲದ ಅಜ್ಜಿ, "ತೊಳೀಬ್ಯಾಡ್ರಪ್ಪಾ, ನೆನ್ನೆ ಇಟ್ಟಿದ್ದು" ಅಂದರು. ತೊಳೆಯಲಿಲ್ಲ. ಈ ಕಲ್ಲಿಗೆ ಈಗಲೂ ಪೂಜೆ ನಡೆಯುತ್ತದೆಂಬುದೂ ದಾಖಲೆಯೇ ತಾನೆ? ಕಲ್ಲು ಮೊದಲಿಂದ ಇಲ್ಲೇ ಇತ್ತೇ ಎಂದು ಕೇಳಿದೆ. ಇಲ್ಲವಂತೆ, ಏರಿ ರಿಪೇರಿಗೆ ಜೆಸಿಬಿ ಬಂದಾಗ ತೂಬಿನ ಹತ್ತಿರದಿಂದ ಎತ್ತಿ ಇಲ್ಲಿಟ್ಟರಂತೆ. ತೂಬಿನ ಫೋಟೋ ಒಂದು ತೆಗೆದು, ಫೋಟೋ ನಂಬರು, ಕ್ಯಾಮೆರಾದ ದಿಕ್ಕು, ಅಜ್ಜಿ ಹೇಳಿದ ಮಾತು ಮೂರನ್ನೂ ರಿಜಿಸ್ಟರಿನ ಒಂದೇ ಸಾಲಿನಲ್ಲಿ ಬರೆದುಕೊಂಡೆ.