ಟ್ಯೂಬಿಂಗನ್‌ನ ಸ್ಟ್ರಾಬೆರಿ, ಬಾಗೇವಾಡಿಯ ಉಳ್ಳಾಗಡ್ಡಿ

ನಾವಿರುವ ಜರ್ಮನಿಯ ಟ್ಯೂಬಿಂಗನ್ ಸಣ್ಣ ಊರು. ಗುಡ್ಡದ ಮೇಲೊಂದು ಕೋಟೆ. ಅದರ ಹಳೇ ಅಡುಗೆಮನೆಯಲ್ಲಿ 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಸ್ವಿಟ್ಜರ್ಲೆಂಡಿನ ಯುವಕ ಡಿಎನ್‌ಎಯನ್ನು ಮೊದಲ ಸಲ ಬೇರ್ಪಡಿಸಿದ. ಯಾವುದರಿಂದ ಗೊತ್ತಾ? ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಯ ಕೀವಿನಿಂದ! ಕೀವಿನಲ್ಲಿ ಬಿಳಿ ರಕ್ತಕಣ ಜಾಸ್ತಿ, ಅದಕ್ಕೆ. ಅವನ ಗುರು ಹೋಪೆ-ಝೈಲರ್ ಸುಲಭಕ್ಕೆ ನಂಬಲಿಲ್ಲ. ತಾವೇ ಮತ್ತೆ ಮಾಡಿ ನೋಡಿದ ಮೇಲೆ, 1871ರಲ್ಲಿ ಲೇಖನ ಅಚ್ಚಾಯಿತು.

ಮಗಳ ಕ್ಲಾಸಿನಲ್ಲಿ ಇದೇ ಕೆಲಸವನ್ನು ಪುಣ್ಯಕ್ಕೆ ಸ್ಟ್ರಾಬೆರಿಯಲ್ಲಿ ಮಾಡಿಸಿದರು. ಮೆತ್ತಗಿನ ಹಣ್ಣು, ಬೇಗ ಹಿಸುಕಬಹುದು. ಮೇಲಾಗಿ ನಮಗೆ ಒಂದೊಂದು ಕ್ರೋಮೋಸೋಮಿನ, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟಿನ, ಎರಡೆರಡು ಪ್ರತಿ ಇದ್ದರೆ, ತೋಟದ ಸ್ಟ್ರಾಬೆರಿಗೆ ಎಂಟೆಂಟು.

ಆಗಸ್ಟಿನಲ್ಲಿ ಊರಿಗೆ ಬಂದಾಗ ಅವಳು ಇದನ್ನು ದೊಡ್ಡಪ್ಪನಿಗೆ ಹೇಳಿದಳು. ನಮ್ಮಣ್ಣ ಬಸವನ ಬಾಗೇವಾಡಿ ಕಡೆ ಹೈಸ್ಕೂಲ್ ಮಾಸ್ತರ, ವಿಜ್ಞಾನ ಕಲಿಸುತ್ತಾನೆ. "ನಮ್ಮ ಹುಡುಗರಿಗೂ ಮಾಡಿ ತೋರಿಸೋಣು. ಆದ್ರ ಸ್ಟ್ರಾಬೆರಿ ಎಲ್ಲಿಂದ ತರೂದು?" ಅಂದ. ವಿಜಯಪುರ ಅಂದರೆ ದ್ರಾಕ್ಷಿ, ಲಿಂಬೆ. ಎರಡರಲ್ಲೂ ರಸವೇ ಜಾಸ್ತಿ, ಜೀವಕೋಶ ಕಡಿಮೆ. ಬಾಳೆಹಣ್ಣು ನಡೆಯುತ್ತೆ. ಆದರೆ ನನ್ನ ಓಟು ಉಳ್ಳಾಗಡ್ಡಿಗೆ. ಹಣ್ಣಲ್ಲ, ನಿಜ. ಆದರೆ ಅದರ ಜೀನೋಮು, ಅಂದರೆ ಡಿಎನ್‌ಎಯ ಒಂದು ಪೂರ್ತಿ ಪ್ರತಿ, ಸುಮಾರು 1,600 ಕೋಟಿ ಅಕ್ಷರ, ನಮ್ಮದರ ಐದು ಪಟ್ಟು. ಬಾಗೇವಾಡಿಯಲ್ಲಿ ಅದಕ್ಕೇನು ಬರವೇ?

ಅಣ್ಣನ ಕ್ಲಾಸಿನಲ್ಲಿ ಒಂದು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿದೆವು. 100 ಮಿಲಿ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಚಮಚ ಉಪ್ಪು ಹಾಕಿ ಅದರೊಳಗೆ ಬಿಟ್ಟೆವು. ಜೀವಕೋಶದ ಪೊರೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತೆ. ಉಪ್ಪಿನ ಕೆಲಸ ಬೇರೆ. ಡಿಎನ್‌ಎ ಎಳೆಗಳಿಗೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅದನ್ನು ಮುಚ್ಚಿದರೆ ಒಟ್ಟಿಗೆ ಕೂಡುತ್ತವೆ. ಆಮೇಲೆ ಗ್ಲಾಸನ್ನು 60 ಡಿಗ್ರಿ ಆಸುಪಾಸಿನ ಬಿಸಿ ನೀರಿನಲ್ಲಿ ಕಾಲು ಗಂಟೆ ಇಟ್ಟು, ತಕ್ಷಣ ಐಸಿನಲ್ಲಿ ಇಳಿಸಿದೆವು. ಡಿಎನ್‌ಎ ಕತ್ತರಿಸುವ ಕಿಣ್ವಗಳು ಅಲ್ಲೇ ಇರುತ್ತವೆ. ಬಿಸಿಯೂ ತಂಪೂ ಅವನ್ನು ತಡೆಯುತ್ತವೆ.

ಟ್ಯೂಬಿಂಗನ್‌ನಲ್ಲಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದ್ದರು. ಇಲ್ಲಿ ಅಣ್ಣನ ಹಳೇ ಧೋತರದ ತುಂಡು. ನನ್ನ ಕೇಳಿದರೆ ಧೋತರವೇ ಮೇಲು, ಕಾಗದದಲ್ಲಿ ಅದು ತೊಟ್ಟಿಕ್ಕುವಷ್ಟರಲ್ಲಿ ಪಿರಿಯಡ್ ಮುಗಿಯುತ್ತೆ.

ಕಡೆಗೆ ಆಲ್ಕೋಹಾಲ್. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲನ್ನು ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟಿದ್ದೆವು. 90 ಪರ್ಸೆಂಟ್ ಮೇಲಿನದು ಒಳ್ಳೆಯದು. ಬೆಂಕಿ ಹತ್ತಿರ ಒಯ್ಯಬೇಡಿ. ಗ್ಲಾಸು ಓರೆ ಹಿಡಿದು ಅಂಚಿನಿಂದ ಮೆಲ್ಲಗೆ ಸುರಿದರೆ ಅದು ಮೇಲೆ ನಿಲ್ಲುತ್ತೆ. ಆಲ್ಕೋಹಾಲಿನಲ್ಲಿ ಡಿಎನ್‌ಎ ಕರಗುವುದಿಲ್ಲ. ಎರಡು ಪದರ ಸೇರುವ ಕಡೆ ಬೆಳ್ಳಗೆ ನೂಲಿನಂತೆ ಎದ್ದು ಬರತೊಡಗಿತು.

"ಸರ, ಬರೇ ಲೋಳಿ ಕಂಡಂಗ ಐತ್ರಿ" ಅಂದಳು ಮುಂದಿನ ಬೆಂಚಿನ ಹುಡುಗಿ. ತಪ್ಪೇನಿಲ್ಲ. ಅದು ಶುದ್ಧ ಡಿಎನ್‌ಎ ಅಲ್ಲ, ಪ್ರೋಟೀನು, ಪೆಕ್ಟಿನ್ ಎಂಬ ಸಸ್ಯದ ಅಂಟು ಕೂಡ ಸೇರಿರುತ್ತವೆ. ಚಿತ್ರಗಳಲ್ಲಿ ಡಿಎನ್‌ಎ ಅಂತ ತೋರಿಸುವ ಸುರುಳಿ ಏಣಿಯೂ ಕಾಣುವುದಿಲ್ಲ. ಕಾಣುವುದು ಲಕ್ಷಾಂತರ ಎಳೆಗಳ ಗೋಜಲು. ಯೂಟ್ಯೂಬಿನಲ್ಲಿ "ಇದೇ ನೋಡಿ ಡಿಎನ್‌ಎ" ಅಂತ ಸುಮ್ನೆ ಹೇಳಿ ಮುಗಿಸುತ್ತಾರಲ್ಲ, ಅದು ನನಗೆ ಸೇರುವುದಿಲ್ಲ.

ಆಮೇಲೆ ಹಿಂದಿನಿಂದ ಒಂದು ದನಿ: "ಸರ, ಉಳ್ಳಾಗಡ್ಡ್ಯಾಗ ನಮ್ಮ ಐದು ಪಟ್ಟು ಐತಿ ಅಂದ್ರ, ಅದು ನಮಗಿಂತ ಶ್ಯಾಣ್ಯಾ ಏನ್ರಿ?" ಕ್ಲಾಸೆಲ್ಲ ನಕ್ಕಿತು. ಆದರೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡ ಪ್ರಶ್ನೆಯಿದು. ಉಳ್ಳಾಗಡ್ಡಿಯ ಡಿಎನ್‌ಎಯಲ್ಲಿ ಬಹುಪಾಲು ಮತ್ತೆ ಮತ್ತೆ ಬರುವ ಅದೇ ತುಣುಕುಗಳು. ಡಿಎನ್‌ಎ ಎಷ್ಟಿದೆ ಅನ್ನುವುದಕ್ಕೂ ಜೀವಿ ಎಷ್ಟು ಸಂಕೀರ್ಣ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಅಣ್ಣ ಅವನನ್ನು ಮುಂದೆ ಕರೆದು ಬೋರ್ಡಿನ ಮೇಲೆ ಎರಡೂ ಸಂಖ್ಯೆ ಬರೆಸಿದ.