ಕಸಿ ಕೂತಿತು: ನೆದರ್‌ಲೆಂಡ್ಸ್ ಇಂಟರ್ನ್‌ಶಿಪ್‌ಗೆ ಮುಂಚಿನ ಟೊಮೇಟೊ ತಯಾರಿ

ಕೊನೆಗೂ ಕೂತಿತು! ಬದನೆ ಬೇರಿನ ಮೇಲೆ ಟೊಮೇಟೊ ಕುಡಿ. ಒಂದೋ ಎರಡೋ ಗಿಡ ಅಲ್ಲ, ಟ್ರೇಯ ಬಹುಪಾಲು ಗಿಡಗಳು ತಲೆಯೆತ್ತಿ ನಿಂತವು. ಅವತ್ತು ಬೆಳಗ್ಗೆಯಿಂದ ಮನೆಗೆ ಬಂದವರಿಗೆಲ್ಲ ಕರೆದು ತೋರಿಸಿದೆ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ (ಹೊರದೇಶದಲ್ಲಿ ನಡೆಯುವಂಥ ದೃಢೀಕರಣ ಮುದ್ರೆ) ಆಗಿದೆ. ಎಂವಿವಿ, ಅಂದರೆ ಹೆಚ್ಚು ದಿನ ಇರಲು ಬೇಕಾದ ವೀಸಾದ ಅರ್ಜಿಯನ್ನು ನೆದರ್‌ಲೆಂಡ್ಸ್‌ನಲ್ಲಿ ನಾನು ಇಂಟರ್ನ್‌ಶಿಪ್ ಮಾಡಲಿರುವ ನರ್ಸರಿಯವರೇ ಹಾಕಿದ್ದಾರೆ. ಕಾಲೇಜಿನ ಒಪ್ಪಿಗೆ ಪತ್ರ ಕೈಯಲ್ಲಿದೆ. ಇನ್ನು ಕಾಯುವುದಷ್ಟೇ. ಕಾಯುವ ಹೊತ್ತಿನಲ್ಲಿ ಸುಮ್ನೆ ಕೂರುವ ಬದಲು ಕೈಗೆ ಕೆಲಸ ಕಲಿಸೋಣ ಅಂತ ಶುರುವಾಗಿದ್ದು ಈ ಕಸಿ. ನಾನು ಹೋಗುವುದು ವೆಸ್ಟ್‌ಲ್ಯಾಂಡ್‌ಗೆ, ಹೇಗ್ ಮತ್ತು ರಾಟರ್‌ಡ್ಯಾಮ್ ನಡುವಿನ ಗಾಜಿನಮನೆಗಳ ನಾಡು. ವಿಡಿಯೋ ಸಂದರ್ಶನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ತರಕಾರಿ ಸಸಿಗೆ ಕಸಿ ಕಟ್ಟಿದ್ದೀಯಾ ಅನ್ನೋದು. ಮಾವು, ಸಪೋಟ ಕಟ್ಟಿದ್ದೆ. ಕಡ್ಡಿಪುಳ್ಳೆಗಿಂತ ಸಣ್ಣ ಕಾಂಡದ ಟೊಮೇಟೊ ಸಸಿಗೆ ಕಟ್ಟಿರಲಿಲ್ಲ.

ಅಲ್ಲಿ ಕಸಿ ಯಾಕೆ ಇಷ್ಟು ಮುಖ್ಯ? ಡಿಸೆಂಬರ್‌ನಲ್ಲಿ ನೆಟ್ಟ ಗಿಡ ಮುಂದಿನ ನವೆಂಬರ್‌ವರೆಗೂ ಹಣ್ಣು ಕೊಡಬೇಕು. ಕಾಂಡವನ್ನು ದಾರದಲ್ಲಿ ಇಳಿಸುತ್ತಾ ಇಳಿಸುತ್ತಾ 10 ಮೀಟರ್‌ಗೂ ಜಾಸ್ತಿ ಉದ್ದ ಬೆಳೆಸುತ್ತಾರೆ. ಅಷ್ಟು ದಿನ ಗಿಡವನ್ನು ಹೊತ್ತು ನಿಲ್ಲಲು ಗಟ್ಟಿ ಬೇರು ಬೇಕು. ಅದಕ್ಕೆ ಮ್ಯಾಕ್ಸಿಫೋರ್ಟ್‌ನಂಥ, ಕಾಡು ಟೊಮೇಟೊ ಜೊತೆ ಸಂಕರ ಮಾಡಿದ, ಬೇರು ಕೊಡುವ ಗಿಡ ಅಂದರೆ ರೂಟ್‌ಸ್ಟಾಕ್. ಕೋಲಾರದ ಕಡೆಯ ನಮಗೆ ಬೇಕಾಗಿರುವುದು ಬೇರೆ ಕಾರಣಕ್ಕೆ. ನಮ್ಮ ಹೊಲದ ಕೆಳಗಿನ ಪಟ್ಟಿಯಲ್ಲಿ ದುಂಡಾಣು ಸೊರಗು ರೋಗ ಮನೆ ಮಾಡಿದೆ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿಯೇ ಜೋತುಬೀಳುತ್ತದೆ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಹಿಡಿದರೆ ಹಾಲಿನಂಥ ಎಳೆ ಇಳಿಯುತ್ತದೆ. ಆ ಲೋಟ ನೋಡಿದಾಗಲೆಲ್ಲ ಅಪ್ಪ ಮಾತಾಡದೆ ಎದ್ದು ಹೋಗುತ್ತಾರೆ. ವಿಶ್ವ ತರಕಾರಿ ಕೇಂದ್ರ ಅನ್ನುವ ಸಂಶೋಧನಾ ಸಂಸ್ಥೆಯವರು ಈ ರೋಗಕ್ಕೂ ನೀರು ನಿಲ್ಲುವ ಜಾಗಕ್ಕೂ ಇಜಿ203 ಅನ್ನುವ ಬದನೆ ಬೇರನ್ನು ಶಿಫಾರಸು ಮಾಡುತ್ತಾರೆ. ಅದು ನನಗೆ ಸಿಗಲಿಲ್ಲ. ರೋಗ ತಡೆಯುವ ಊರ ಬದನೆಯೊಂದು ಸಿಕ್ಕಿತು, ಅದನ್ನೇ ಹಿಡಿದೆ.

ಬಿತ್ತನೆ, ಗುಳಿಗಳಿರುವ ಪ್ರೋಟ್ರೇ, ಅದಕ್ಕೆ ತುಂಬುವ ತೆಂಗಿನ ನಾರಿನ ಪುಡಿ ಕೋಕೋಪೀಟ್, ಇವನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಬದನೆ ನಿಧಾನ, ಅದನ್ನು ಮೊದಲು ಬಿತ್ತಿ. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಓರೆಯಾಗಿ ಕತ್ತರಿಸಿ ಕೂಡಿಸಿ. ಬ್ಲೇಡ್ ಹೊಸದಿರಲಿ. ಇಷ್ಟೇ.

ಕೂಡಿಸಿದ ಜಾಗವನ್ನು ಹಿಡಿದಿಡುವ ಕ್ಲಿಪ್ಪಿನ ಕಥೆ ಮಾತ್ರ ಹೇಳಲೇಬೇಕು. 2 ಮಿ.ಮೀ. ಸಿಲಿಕಾನ್ ಕ್ಲಿಪ್ ಬೇಕೆಂದು ಆರ್ಡರ್ ಮಾಡಿದೆ. ಪೊಟ್ಟಣದ ಮೇಲೆ 2 ಅಂತಲೇ ಇತ್ತು. ಒಳಗಿದ್ದದ್ದು ಮೆಣಸಿನ ಗಿಡಕ್ಕೂ ಸಡಿಲವಾಗುವಂಥದ್ದು. ಫೋನ್ ಮಾಡಿದರೆ, "ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಅಂದರು. ಕಾಂಡ ಹೇಗೆ ಅಡ್ಜಸ್ಟ್ ಮಾಡಿಕೊಳ್ಳುತ್ತೆ ಸ್ವಾಮಿ? ಕತ್ತರಿಸಿದ ಎರಡು ಮುಖಗಳು ಒತ್ತಿಕೊಂಡಿದ್ದರೆ ತಾನೆ ಕೂಡುವುದು! ಕೊನೆಗೆ ಸೈಕಲ್ ಶಾಪಿನ ವಾಲ್ ಟ್ಯೂಬ್ ಕಾಪಾಡಿತು. ಸಣ್ಣ ತುಂಡು ಮಾಡಿ, ಒಂದು ಪಕ್ಕ ಸೀಳಿದರೆ ಎಳೆ ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಕಾಂಡ ದಪ್ಪವಾದಂತೆ ತಾನೇ ಬಿಚ್ಚಿಕೊಳ್ಳುತ್ತದೆ. ಕಪ್ಪಗಿರುವುದರಿಂದ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಅದೊಂದೇ ಕೊರತೆ.

ಈಗ ನಿಜವಾದ ತಲೆನೋವಿಗೆ ಬರೋಣ. ಕಟ್ಟಿದ ಮೇಲಿನ ಮೊದಲ ವಾರ. ಕುಡಿಗೆ ಬೇರಿಲ್ಲ, ನೀರು ಬರುವ ದಾರಿಯಿಲ್ಲ. ಗಾಳಿಯಲ್ಲಿ ತೇವ ಶೇ. 90ರ ಮೇಲಿರಬೇಕು, ಬಿಸಿ 25ರಿಂದ 28 ಡಿಗ್ರಿ ಇರಬೇಕು, ಶುರುವಿನಲ್ಲಿ ಕತ್ತಲೆ ಬೇಕು. ಮಹಡಿ ಮೇಲೆ ಶೇಡ್ ನೆಟ್ ಕೆಳಗೆ ಪ್ಲಾಸ್ಟಿಕ್ ಗೂಡು ಕಟ್ಟಿದರೆ ಮಧ್ಯಾಹ್ನ ಒಳಗೆ ಕೈ ಇಡಲಾಗದಷ್ಟು ಕಾವು. ಹಾಗಾಗಿ ಟ್ರೇಗಳು ನಡುಮನೆ ಪಕ್ಕದ ಕತ್ತಲೆ ಕೋಣೆಗೆ ಇಳಿದವು. ಅಲ್ಲಿ ಚಪ್ಪಡಿ ನೆಲ ಸದಾ ತಣ್ಣಗಿರುತ್ತದೆ. ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಬಟ್ಟೆ. ಅಜ್ಜಿ ಇಣುಕಿ ನೋಡಿ, "ಏನೇ, ಗಿಡಕ್ಕೂ ಬಾಣಂತನ ಮಾಡ್ತಿದ್ದೀಯಾ?" ಅಂದರು. ಗಾಳಿ ತಾಕಬಾರದು, ಬೆಳಕು ಬೀಳಬಾರದು, ಬೆಚ್ಚಗಿರಬೇಕು. ಅಜ್ಜಿ ಸರಿಯಾಗಿಯೇ ಹೇಳಿದರು.

ಆದರೂ ಕುಡಿಗಳು ಎರಡನೇ ದಿನಕ್ಕೇ ಬಾಡುತ್ತಿದ್ದವು. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಮಾತ್ರ 95 ಅನ್ನುತ್ತಿತ್ತು. ಬಾಡುತ್ತಿವೆ ಅಂತ ಸ್ಪ್ರೇ ಹೊಡೆದರೆ ಬಾಡುವುದು ನಿಂತು ಕೊಳೆಯುವುದು ಶುರು. ಒಂದು ಸಸಿಯ ಟ್ಯೂಬ್ ಬಿಚ್ಚಿ ಲೆನ್ಸ್ ಇಟ್ಟು ನೋಡಿದೆ. ಬದನೆಯ ಕೊಯ್ದ ಮುಖ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಅದರ ಮೇಲೆ ಸಾಸಿವೆಗಿಂತ ಚಿಕ್ಕ ನೀರ ಹನಿ. ಟೊಮೇಟೊ ಕುಡಿ ಆ ಹನಿಯ ಮೇಲೆ ಕೂದಲೆಳೆಯಷ್ಟು ಮೇಲಕ್ಕೆ ಸರಿದಿತ್ತು. ಎರಡು ಮುಖ ಮುಟ್ಟಿಯೇ ಇಲ್ಲ, ಕೂಡುವ ಮಾತೆಲ್ಲಿ?

ಹಾಗಾದರೆ ಒಣಗಿದ್ದೇಕೆ, ಕೊಳೆತದ್ದೇಕೆ? ಮೊದಲು ಮೀಟರನ್ನೇ ಪರೀಕ್ಷೆಗೆ ಹಾಕಿದೆ. ಈ ಪರೀಕ್ಷೆ ಎಲ್ಲರೂ ಮಾಡಲೇಬೇಕು. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಕರಗದಂತೆ ಬರೀ ಒದ್ದೆಯಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮೀಟರ್ 86 ತೋರಿಸಿತು. ಅಂದರೆ ಅದು 95 ಅಂದಾಗ ಗೂಡಿನ ತೇವ 84ರ ಆಸುಪಾಸು. ಗಿಡಗಳು ನಿಜ ಹೇಳುತ್ತಿದ್ದವು, ಮೀಟರ್ ಸುಳ್ಳು ಹೇಳುತ್ತಿತ್ತು. ಕೈ ತುಂಬ ದುಡ್ಡು ತೆಗೆದುಕೊಂಡು ಇಂಥ ಮೀಟರ್ ಕಳಿಸುವವರಿಗೆ ಒಂದು ಟ್ರೇ ಸಸಿಯ ಬೆಲೆ ಗೊತ್ತಿರಬೇಕಿತ್ತು.

ಇನ್ನು ಕೊಳೆತ. ಸ್ಪ್ರೇ ಹನಿ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಟ್ಯೂಬಿನೊಳಕ್ಕೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ಕಿಗೆ ಕಟ್ಟಿದ ಆವಿಯೂ ಗಿಡದ ಮೇಲೇ ತೊಟ್ಟಿಕ್ಕುತ್ತದೆ. ಜೊತೆಗೆ ಕಟ್ಟುವ ಮುಂಚೆ ಟ್ರೇಗೆ ನೀರು ಉಣಿಸಿದ್ದರೆ ಬದನೆಯ ಬೇರುಗಳೇ ಆ ನೀರನ್ನು ಮೇಲಕ್ಕೆ ದಬ್ಬಿ ಕುಡಿಯನ್ನು ಎತ್ತಿಬಿಡುತ್ತವೆ. ಕುಡಿಗೆ ಬೇಕಾದದ್ದು ಗಾಳಿಯ ತೇವ. ಹನಿ ಅದಕ್ಕೆ ಶತ್ರು.

ಅಲ್ಲಿಂದ ಗೂಡನ್ನೇ ಬದಲಿಸಿದೆ. ಸ್ಪ್ರೇ ಪೂರ್ತಿ ಬಂದ್. ನೆಲದ ಮೇಲೆ ಅಗಲವಾದ ತಟ್ಟೆಯಲ್ಲಿ ನೀರು, ಅದರ ಮೇಲೆ ಇಟ್ಟಿಗೆ, ಇಟ್ಟಿಗೆ ಮೇಲೆ ಟ್ರೇ. ಸುತ್ತ ಒದ್ದೆ ಗೋಣಿ, ಅದರ ತುದಿ ನೀರಿನಲ್ಲಿ ಅದ್ದಿರುವ ಹಾಗೆ. ಮೇಲಿನ ಪ್ಲಾಸ್ಟಿಕ್ ಗುಡಿಸಲಿನ ಮಾಡಿನಂತೆ ಇಳಿಜಾರು, ಹನಿಯೆಲ್ಲ ಪಕ್ಕಕ್ಕೆ ಜಾರಿಹೋಗುತ್ತದೆ. ಕಸಿ ಕಟ್ಟಿದ್ದು ಸಂಜೆ, ಟ್ರೇಗೆ ನೀರು ಕೊಡದೆ. ಮೂರನೇ ದಿನದಿಂದ ಸ್ವಲ್ಪ ಬೆಳಕು, ಆಮೇಲೆ ದಿನಕ್ಕಿಷ್ಟು ಅಂತ ಗಾಳಿ. ಜಾಸ್ತಿ ದಿನ ಮುಚ್ಚಿಟ್ಟರೆ ಇನ್ನೊಂದು ಕಾಟವಿದೆ. ಕುಡಿಯೇ ಕಸಿಯ ಮೇಲಿಂದ ಬಿಳಿ ಬೇರು ಬಿಡುತ್ತದೆ. ಅದು ಮಣ್ಣು ಮುಟ್ಟಿದರೆ ಕಸಿ ಕಟ್ಟಿದ್ದೇ ದಂಡ, ರೋಗಕ್ಕೆ ಬಾಗಿಲು ತೆಗೆದ ಹಾಗೆ.

ವಾರ ಕಳೆದ ಮೇಲೆ ಬೆಳಗ್ಗೆ ಟಾರ್ಚ್ ಹಿಡಿದು ಬಗ್ಗಿದೆ. ಪ್ರತಿ ಎಲೆಯ ಅಂಚಿನ ಹಲ್ಲುಗಳ ತುದಿಯಲ್ಲಿ ಒಂದೊಂದು ಹನಿ, ಲೆಕ್ಕ ಹಾಕಿ ಜೋಡಿಸಿದಂತೆ. ಆವಿ ಕಟ್ಟಿದ ಹನಿ ಎಲೆ ಮೇಲೆಲ್ಲ ಚೆಲ್ಲಾಪಿಲ್ಲಿ ಇರುತ್ತದೆ. ಇವು ಹಾಗಿರಲಿಲ್ಲ. ಬದನೆ ಬೇರು ತಳ್ಳಿದ ನೀರು ಕಸಿ ದಾಟಿ ಟೊಮೇಟೊ ಎಲೆಯಿಂದ ಹೊರಬರುತ್ತಿತ್ತು! ಅಂದರೆ ಒಳಗಿನ ನಾಳಗಳು ಕೂಡಿಕೊಂಡಿವೆ. ಅಪ್ಪನನ್ನು ಎಬ್ಬಿಸಿ ತೋರಿಸಿದೆ. ಅವರು ಬಹಳ ಹೊತ್ತು ಅಲ್ಲೇ ಕೂತು ನೋಡಿದರು. ಆಮೇಲೆ, "ಕೆಳಗಿನ ಪಟ್ಟೀಲಿ ಹಾಕೋಣ" ಅಂದರು.

ಹಾಕಿದ್ದೇವೆ. ಒಂದು ಸಾಲು ಕಸಿ, ಪಕ್ಕದಲ್ಲೇ ಅದೇ ತಳಿಯ ಕಸಿಯಿಲ್ಲದ ಸಾಲು. ಕಸಿ ಜಾಗ ಮಣ್ಣಿನಿಂದ ಮೇಲಿರುವಂತೆ ನೆಟ್ಟಿದ್ದೇವೆ, ಮಣ್ಣು ಏರಿಸುವುದಿಲ್ಲ. ನಾನು ಹೊರಟ ಮೇಲೆ ತಮ್ಮ ಫೋಟೋ ಕಳಿಸುತ್ತಾನೆ.

ಮುಂದಿನ ಟ್ರೇ ಎರಡು ತಲೆಯ ಗಿಡಕ್ಕೆ. ಕಸಿ ಕೂತ ಮೇಲೆ ಟೊಮೇಟೊದ ಬೀಜದೆಲೆಯ ಮೇಲೆ ಚಿವುಟಿದರೆ ಎರಡು ಕವಲು ಸಮವಾಗಿ ಏಳುತ್ತವೆ. ವೆಸ್ಟ್‌ಲ್ಯಾಂಡ್‌ನಲ್ಲಿ ದುಬಾರಿ ರೂಟ್‌ಸ್ಟಾಕ್ ಬೀಜ ಉಳಿಸಲು ಹೀಗೇ ಮಾಡುತ್ತಾರೆ. ಅದರ ಜೊತೆಗೆ ನನಗೆ ಸುಂಡೆಕಾಯಿ ಗಿಡದ ಮೇಲೂ ಕಟ್ಟಿ ನೋಡಬೇಕು. ಬದುವಿನಲ್ಲಿ ತಾನಾಗಿ ಬೆಳೆದು ಯಾವ ಬೇಸಿಗೆಗೂ ಜಗ್ಗದ ಗಿಡ ಅದು. ಆದರೆ ಬೀಜ ಮೊಳೆಯುವುದೇ ಇಲ್ಲ, ನಿದ್ದೆ ಬಲು ಗಟ್ಟಿ. ಬೀಜದ ನಿದ್ದೆ ಬಿಡಿಸುವ ಹಾರ್ಮೋನ್ ಆದ ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸಿ ಮೊಳಕೆ ತಂದವರು ನಿಮ್ಮಲ್ಲಿದ್ದರೆ ದ್ರಾವಣ ಎಷ್ಟು ಗಾಢ (ಎಷ್ಟು ಪಿಪಿಎಂ), ಎಷ್ಟು ಗಂಟೆ ಅಂತ ತಿಳಿಸಿ. ವೀಸಾ ಬರುವುದರೊಳಗೆ ಬಿತ್ತಿಬಿಡುತ್ತೇನೆ.